ಚೆಲುವಮ್ಮನ ಉಗುರಿನ ನೋವು

1930ರ ದಶಕದ ಕೊನೆಯಲ್ಲಿ ನಾನು ಚುಂಚನಕಟ್ಟೆ ಸಮೀಪದ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಎಕ್ಸ್‌ರೇ ಬೇಕಾದರೆ ರೋಗಿಗೆ ಚೀಟಿ ಬರೆದುಕೊಟ್ಟು ಮೈಸೂರಿಗೆ ಕಳಿಸಬೇಕಿತ್ತು. ನನಗಿನ್ನೂ ಮೂವತ್ತಾಗಿರಲಿಲ್ಲ, ಜಂಬ ಮಾತ್ರ ಬೇಕಾದಷ್ಟಿತ್ತು.

ನಾಟಿ ಸಮಯದಲ್ಲಿ ಚೆಲುವಮ್ಮ ಎಂಬ ಹೆಂಗಸನ್ನು ಗಂಡ ಮತ್ತು ಅತ್ತೆ ಕರೆತಂದರು. ಬಲಗೈ ಉಂಗುರ ಬೆರಳು ನೋವು. ಗದ್ದೆಯ ತಣ್ಣೀರಿಗೆ ಕೈಯಿಟ್ಟರೆ ಭುಜದವರೆಗೂ ಸೆಳೆಯುತ್ತದೆಂದಳು. ಬೆರಳಿಗೆ ಊತವಿಲ್ಲ, ಗಾಯವಿಲ್ಲ. ‘ಕೈ, ಮೂಳೆ ಮುರಿದಿದೆಯೇ ನೋಡಿ’ ಎಂದು ಚೀಟಿ ಬರೆದೆ. ವಾರದ ನಂತರ ಪ್ಲೇಟು ಬಂತು. ಇಡೀ ಅಂಗೈಯನ್ನು ಮಟ್ಟಸವಾಗಿಟ್ಟು ತೆಗೆದದ್ದು, ಎಲ್ಲಿಯೂ ಮುರಿತವಿಲ್ಲ.

ಕಾಯುತ್ತಿದ್ದ ರೋಗಿಗಳ ಮುಂದೆಯೇ ಅವಳ ಅತ್ತೆಗೆ ಹೇಳಿದೆ: “ಏನೂ ಇಲ್ಲಮ್ಮ. ಇದು ಕೆಲಸ ತಪ್ಪಿಸಿಕೊಳ್ಳೋ ನೋವು.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೆಯ ವರ್ಷ ಚೆಲುವಮ್ಮ ಒಬ್ಬಳೇ ಬಂದಳು. ಸೊರಗಿಹೋಗಿದ್ದಳು. ಮೇಜಿನ ಮೇಲಿದ್ದ ಬೆಂಕಿಕಡ್ಡಿಯೊಂದನ್ನು ಎತ್ತಿಕೊಂಡು, ಉಗುರಿನ ಮೇಲೆ ಒಂದೇ ಕಡೆ ಒತ್ತಿದಳು. ಮುಖ ಬಿಳಿಚಿಕೊಂಡಿತು, ಹಣೆಯಲ್ಲಿ ಬೆವರೊಡೆಯಿತು.

“ಇಲ್ಲೇ ಕಣ್ರೀ ಸ್ವಾಮಿ. ಈ ಬೆಳ್ಳ ಕತ್ತರ್ಸಾಕ್ಬುಡಿ.”

ಅಂಥ ಬೆವರನ್ನು ನಟಿಸಲು ಯಾರಿಂದಲೂ ಆಗದು. ಈ ಸಲ ಅವಳು ತೋರಿಸಿದ ಜಾಗವನ್ನೇ ಚೀಟಿಯಲ್ಲಿ ಬರೆದು, ಜೊತೆಗೆ ನಾನೇ ಮೈಸೂರಿಗೆ ಹೋದೆ. ಎಕ್ಸ್‌ರೇ ಡಾಕ್ಟರು ಆ ಬೆರಳೊಂದನ್ನೇ ಪಕ್ಕಕ್ಕೆ ತಿರುಗಿಸಿ ಪ್ಲೇಟು ತೆಗೆದರು, ಹೋಲಿಸಲು ಎಡಗೈಯ ಅದೇ ಬೆರಳನ್ನೂ ತೆಗೆದರು. ಬಲಬೆರಳಿನ ತುದಿಮೂಳೆಯಲ್ಲಿ ಉಗುರಿನ ಕಡೆಗೆ ಒಂದು ಸಣ್ಣ ಗುಳಿ. ಅದು ಗ್ಲೋಮಸ್ ಟ್ಯೂಮರ್, ಅಂದರೆ ಸೂಕ್ಷ್ಮ ರಕ್ತನಾಳಗಳಿಂದ ಬೆಳೆಯುವ ಗಂಟು. ಗಂಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದು ಮೂಳೆಯನ್ನು ಒತ್ತಿ ಸವೆಸಿದ ಗುರುತಷ್ಟೇ ಕಾಣುತ್ತದೆ. ಚಳಿ ತಾಗಿದರೆ ಪ್ರಾಣ ಹಿಂಡುತ್ತದೆ.

“ಮೊದಲು ಏನಂತ ಬರೆದು ಕಳಿಸಿದ್ರಿ?” ಎಂದು ಅವರು ಕೇಳಿದರು. ‘ಮೂಳೆ ಮುರಿದಿದೆಯೇ ನೋಡಿ’ ಎಂದಷ್ಟೇ ಬರೆದಿದ್ದೆನೆಂದೆ.

ಸರ್ಜನ್ ಉಗುರೆತ್ತಿ, ಸಾಸಿವೆಗಿಂತ ತುಸು ದೊಡ್ಡದಾದ ಕೆಂಪು ಗಂಟನ್ನು ತೆಗೆದರು. ಗಾಯ ಮಾಯುವಷ್ಟರಲ್ಲಿ ಹಳೆಯ ನೋವು ಪೂರ್ತಿ ಹೋಗಿತ್ತು. ಚೆಲುವಮ್ಮ ತಣ್ಣೀರಲ್ಲಿ ಕೈಯದ್ದಿ ನೋಡಿ ಅತ್ತಳು. ಆಮೇಲೆ ಹೇಳಿದಳು:

“ನಮ್ಮಟ್ಟಿಗೆ ಬಂದು ನಮ್ಮತ್ತೆಗೆ ಒಂದ್ ಮಾತ್ ಏಳಿ ಸ್ವಾಮಿ, ನಾನು ಸುಳ್ಳಾಡ್ನಿಲ್ಲ ಅಂತ. ಊರೆಲ್ಲ ಕೆಲ್ಸ ತಪ್ಪುಸ್ಕೊಳೋ ಕಳ್ಳಬಿದ್ದಿ ಅಂತಾರೆ.”

ಅವಳ ಊರು ಎರಡೇ ಮೈಲಿ. ನಾನು ಹೋಗಲಿಲ್ಲ. ತಪ್ಪೊಪ್ಪಿಕೊಂಡ ಡಾಕ್ಟರನ್ನು ನಾಳೆ ಯಾರು ನಂಬುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊಹರು ಒತ್ತಿ, ಇಂಗ್ಲಿಷಿನಲ್ಲಿ ಒಂದು ಸರ್ಟಿಫಿಕೇಟು ಬರೆದುಕೊಟ್ಟೆ. ಆ ಊರಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೂ ಇಲ್ಲವೆಂದು ನನಗೆ ಗೊತ್ತಿತ್ತು.

ಕೆಲವು ತಿಂಗಳ ನಂತರ ಅವಳ ಗಂಡ ಕೆಮ್ಮಿಗೆ ಔಷಧಿ ಕೇಳಲು ಬಂದ. ಮನೆಯವಳು ಹೇಗಿದ್ದಾಳೆಂದು ವಿಚಾರಿಸಿದೆ.

“ಅವ್ಳ ತೌರ್ಮನೇಲವ್ಳೆ ಸ್ವಾಮಿ. ಕಾಗ್ದ ತೋರ್ಸುದ್ಲು. ನಮ್ಮವ್ವ ಒಪ್ನಿಲ್ಲ, ಡಾಕ್ಟ್ರು ಬಾಯ್ಬುಟ್ಟು ಏಳಿದ್ದ ನಾನೇ ಕೇಳಿವ್ನಿ ಅಂತಾಳೆ.”

ರೋಗಿ ಬೆರಳಿಟ್ಟು ತೋರಿಸಿದ ಜಾಗವನ್ನೇ ಮೊದಲು ನೋಡಬೇಕೆಂದು ಆ ಎಕ್ಸ್‌ರೇಯಿಂದ ಕಲಿತಿದ್ದೆ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಆ ನಾಲ್ಕು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದು ಅವಳ ಗಂಡನ ಮಾತಿನಿಂದ ತಿಳಿಯಿತು. ತಿಳಿದ ಮೇಲೂ ಅವನ ಕೈಗೆ ಕೆಮ್ಮಿನ ಔಷಧಿ ಕೊಟ್ಟು, ಮುಂದಿನ ರೋಗಿಯನ್ನು ಕರೆದೆ.