ಹೆಸರುಗಳಿದ್ದ ನಕಲು

ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಕೆಳಗೆ ಜನ ತೋಳು ಚಾಚಿ ರಕ್ತ ಕೊಡುತ್ತಾರೆ. ಮಹಡಿಯ ಮೇಲೆ ನಾನು ಅವರ ಹೆಸರು, ಫೋನ್ ನಂಬರು, ಕಾಯಿಲೆ ಕಸಾಲೆ ಎಲ್ಲವೂ ತುಂಬಿರುವ ಡೇಟಾಬೇಸನ್ನು ನೋಡಿಕೊಳ್ಳುತ್ತೇನೆ. ಅದರೊಳಗೆ ಯಾರದು ಏನಿದೆ ಎಂದು ನಾನು ಓದುವುದಿಲ್ಲ. ಕೆಡದಂತೆ, ಕಳೆದುಹೋಗದಂತೆ ಕಾಯುವುದಷ್ಟೇ ನನ್ನ ಪಾಲಿನದು.

ನಮಗೆ ಹೊಸ ಆ್ಯಪ್ ಮಾಡಿಕೊಡುವ ಹೊರಗಿನ ಕಂಪನಿಗೆ, ಪರೀಕ್ಷಿಸಿ ನೋಡಲು ಆಗಾಗ ಈ ಡೇಟಾಬೇಸಿನ ನಕಲು ಬೇಕಾಗುತ್ತದೆ. ಹಿಂದೆ ಅದಕ್ಕೆ ಇಡೀ ದಿನ ಹಿಡಿಯುತ್ತಿತ್ತು. ಈಗ ಡಿಸ್ಕು ಈ ಕ್ಷಣ ಹೇಗಿದೆಯೋ ಹಾಗೇ ಸ್ಟೋರೇಜ್ ಯಂತ್ರ ಒಂದು ಸ್ನ್ಯಾಪ್‌ಶಾಟ್ ಹಿಡಿದಿಡುತ್ತದೆ. ಅದರಿಂದ ಇನ್ನೊಂದು ಡೇಟಾಬೇಸ್ ಎಬ್ಬಿಸಿದರೆ ಆಯಿತು, ಕಾಫಿ ಕುಡಿದು ಬರುವಷ್ಟರಲ್ಲಿ ನಕಲು ಸಿದ್ಧ. ಆದರೆ ಹಾಗೆ ಎದ್ದ ನಕಲಿಗೆ ತಾನು ನಕಲು ಎಂಬುದೇ ಗೊತ್ತಿರುವುದಿಲ್ಲ. ರಿಪೋರ್ಟ್ ಸಿದ್ಧವಾದರೆ ರೋಗಿಗೆ ಸಂದೇಶ ಕಳಿಸುವಂಥ, ಅಸಲು ಡೇಟಾಬೇಸಿಗೆ ಹೇಳಿಟ್ಟ ಕೆಲಸಗಳನ್ನೆಲ್ಲ ಅದೂ ಮಾಡತೊಡಗುತ್ತದೆ. ತೆರೆಯುವ ಮೊದಲೇ ಅವನ್ನೆಲ್ಲ ನಿಲ್ಲಿಸಬೇಕು.

ತಂಗಿಯ ಗೃಹಪ್ರವೇಶಕ್ಕೆ ನಾನು ರಜೆ ಹಾಕಿ ರಾಜರಾಜೇಶ್ವರಿನಗರಕ್ಕೆ ಹೋಗಿದ್ದಾಗ, ನಮ್ಮ ಮ್ಯಾನೇಜರು ಆ ಕಂಪನಿಯವರ ಕೈಯಲ್ಲೇ ನಕಲು ಮಾಡಿಸಿದರು. ಅವರು ಏನನ್ನೂ ನಿಲ್ಲಿಸಲಿಲ್ಲ. ಪರೀಕ್ಷೆಗೆಂದು ಕೆಲವು ಹಳೆಯ ರಿಪೋರ್ಟುಗಳನ್ನು ಮತ್ತೆ ‘ಸಿದ್ಧ’ ಎಂದು ಗುರುತು ಮಾಡಿದರು. ನಕಲು ತನ್ನ ಪಾಡಿಗೆ ಆ ರೋಗಿಗಳ ಫೋನಿಗೆಲ್ಲ ಸಂದೇಶ ಕಳಿಸಿಬಿಟ್ಟಿತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದರೆ ಕೌಂಟರಿನ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಮಹಾಲಕ್ಷ್ಮಿ ಲೇಔಟಿನವರು, ಶಾಲೆಯಲ್ಲಿ ಟೀಚರು. ಗಂಡ ಕ್ಯಾನ್ಸರಿನಿಂದ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಫೋನನ್ನು ಈಕೆ ಇನ್ನೂ ಚಾರ್ಜು ಮಾಡಿ ಇಟ್ಟುಕೊಂಡಿದ್ದರು. ಆ ಫೋನಿಗೆ, ಗಂಡನ ಹೆಸರು ಹಿಡಿದು, ನಿಮ್ಮ ಬಯಾಪ್ಸಿ ರಿಪೋರ್ಟ್ ಬಂದಿದೆ ಎಂಬ ಸಂದೇಶ ಬಂದಿತ್ತು. ಟೆಕ್ನಿಕಲ್ ಪ್ರಾಬ್ಲಂ ಎಂದಷ್ಟೇ ಹೇಳಿ ಕಳಿಸಿ ಎಂದು ಮ್ಯಾನೇಜರು ಕೌಂಟರಿನ ಹುಡುಗಿಗೆ ಹೇಳಿದ್ದರಂತೆ. ಆಕೆ ಹಾಗೇ ಹೇಳುತ್ತಿದ್ದಳು. ಟೀಚರು ಕದಲಲಿಲ್ಲ.

“ಮೊದಲು ಕೊಟ್ಟ ರಿಪೋರ್ಟ್ ತಪ್ಪಿತ್ತಾ? ಅಷ್ಟು ಹೇಳಿಬಿಡಿ, ಹೋಗ್ತೀನಿ” ಎಂದರು.

ದನಿ ಏರಿಸಲಿಲ್ಲ. ರಿಪೋರ್ಟೇ ತಪ್ಪಾಗಿದ್ದರೆ ಆ ಮನುಷ್ಯ ಪಟ್ಟ ಪಾಡೆಲ್ಲ ಯಾತಕ್ಕೆ ಎಂದು ನೆನ್ನೆಯಿಂದ ಅದನ್ನೇ ಯೋಚಿಸುತ್ತಿದ್ದರಂತೆ. ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ರಿಪೋರ್ಟು ಸರಿಯಾಗಿತ್ತು, ಸಂದೇಶ ತಪ್ಪು, ಹೊರಗಿನ ಕಂಪನಿಯಿಂದ ನಕಲು ಮಾಡಿಸುವಾಗ ನಮ್ಮವರು ಎಚ್ಚರ ತಪ್ಪಿದರು ಎಂದೆ. ಅವರು ಗಂಡನ ಫೋನನ್ನು ಚೀಲದೊಳಗೆ ಇಟ್ಟುಕೊಂಡರು. ಆಮೇಲೆ ಕೇಳಿದರು: “ಹಾಗಾದ್ರೆ ನಮ್ಮೆಜಮಾನ್ರ ಕಾಯಿಲೆ ವಿಷಯ ಈಗ ಯಾರ್ಯಾರ ಹತ್ರ ಇದೆ?”

ಆ ಕಂಪನಿಯಲ್ಲಿ ಯಾರ್ಯಾರು ನೋಡಿದ್ದಾರೋ ನನಗೂ ಗೊತ್ತಿಲ್ಲ ಎಂದೆ.

ಹೊರಗಿನವರಿಗೆ ಒಳಗಿನದೆಲ್ಲ ಯಾಕೆ ಹೇಳಿದಿರಿ ಎಂದು ಮ್ಯಾನೇಜರು ನನ್ನ ಮೇಲೆ ಹರಿಹಾಯ್ದರು. ಹೊರಗಿನವರು ಯಾರು ಸಾರ್, ಅದು ಅವರದ್ದೇ ವಿಷಯ ಎಂದೆ. ಆ ನಕಲನ್ನು ಅಂದೇ ಅಳಿಸಿ ಹಾಕಿದೆ. ಮುಂದಿನ ವಾರ ಮ್ಯಾನೇಜರು ಕಂಪನಿಗೆಂದು ಇನ್ನೊಂದು ನಕಲು ಕೇಳಿದರು. ಸಂಜೆಯೊಳಗೆ ಬೇಕು ಎಂದರು. ಹೆಸರು, ವಿಳಾಸ, ಫೋನ್ ನಂಬರು ಬದಲಿಸಿದ ಮೇಲೆ ಕೊಡುತ್ತೇನೆ ಎಂದೆ. ಆ್ಯಪ್ ತಡವಾಗುತ್ತದೆ ಎಂದು ಅವರು ರೇಗಿದರು.

“ಹತ್ತು ನಿಮಿಷದ ಕೆಲಸ ಅಂತ ನೀವೇ ಹೇಳಿದ್ರಲ್ಲ ಮೇಡಂ.”

“ನಕಲು ಮಾಡೋದು ಹತ್ತು ನಿಮಿಷ ಸಾರ್. ಹೆಸರು ತೆಗೆಯೋಕೆ ಟೈಮ್ ಬೇಕು. ತೆಗೀದೆ ಕೊಡಲ್ಲ.”

“ನೀವು ಕೊಡದಿದ್ರೆ ಬೇರೆಯವರ ಕೈಲಿ ಮಾಡಿಸ್ತೀನಿ.”

“ಸ್ಟೋರೇಜ್ ಪಾಸ್‌ವರ್ಡ್ ಬದಲಾಯಿಸಿದೀನಿ. ಅದನ್ನ ಡಾಕ್ಟರ ಕೈಗೇ ಕೊಡ್ತೀನಿ. ಯಾರಿಗೆ ಕೊಡಬೇಕೋ ಅವರೇ ಹೇಳ್ಲಿ.”

ಲ್ಯಾಬು ಕಟ್ಟಿದ ಡಾಕ್ಟರು ಹಿರಿಯರು, ಮಾತು ಕಡಿಮೆ. ಅವರ ಕೋಣೆಯಲ್ಲಿ ಮ್ಯಾನೇಜರು ನನ್ನ ಹಠದ ಬಗ್ಗೆ ಉದ್ದಕ್ಕೂ ಹೇಳಿದರು. ಸಂದೇಶ ಹೋಗದ ಹಾಗೆ ಮಾಡಿದರೆ ಸಾಲದೇನಮ್ಮ ಎಂದು ಡಾಕ್ಟರು ನನ್ನನ್ನು ಕೇಳಿದರು. 

“ಸಾಲದು ಸಾರ್. ಹೆಸರು ಅಲ್ಲೇ ಇರುತ್ತೆ. ನಮ್ಮನೆಯವರದ್ದೂ ಇರುತ್ತೆ, ನಿಮ್ಮನೆಯವರದ್ದೂ ಇರುತ್ತೆ. ನಾನು ತೆಗೆದು ನೋಡಿಲ್ಲ, ನೋಡೋದೂ ಇಲ್ಲ. ಆಚೆ ಕಂಪನೀಲಿ ಯಾರು ನೋಡ್ತಾರೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ್ಯಪ್ ಕಾಯಲಿ ಎಂದರು. ತಪ್ಪು ಸಂದೇಶ ಹೋದವರಿಗೆಲ್ಲ ಫೋನ್ ಮಾಡಿ ವಿಷಯ ತಿಳಿಸಬೇಕು ಎಂದು ನಾನು ಅಲ್ಲೇ ಕೇಳಿದೆ. ಮ್ಯಾನೇಜರು ನನ್ನನ್ನು ದುರುಗುಟ್ಟಿ ನೋಡಿದರು. ಡಾಕ್ಟರು ಟೀಚರ ನಂಬರು ಕೇಳಿ ತಾವೇ ಫೋನ್ ಹಚ್ಚಿದರು, ನಮ್ಮೆದುರಿಗೇ ಕ್ಷಮೆ ಕೇಳಿದರು.

ಆ ವಾರವೆಲ್ಲ ನಾನು ಅದೇ ಕೆಲಸಕ್ಕೆ ಕೂತೆ. ಸ್ನ್ಯಾಪ್‌ಶಾಟ್ ಹಿಡಿದು, ನಕಲು ಎಬ್ಬಿಸಿ, ಅದಕ್ಕೆ ಹೊರಗಿನ ದಾರಿಯನ್ನೆಲ್ಲ ಮುಚ್ಚಿದೆ. ಸಕ್ಕರೆ, ಹಿಮೋಗ್ಲೋಬಿನ್ ಅಂಕಿಗಳನ್ನು ಇದ್ದ ಹಾಗೇ ಬಿಟ್ಟೆ, ಕಂಪನಿಯವರಿಗೆ ಬೇಕಾಗಿದ್ದದ್ದು ಅದೇ. ಹೆಸರು, ವಿಳಾಸ, ಫೋನ್ ನಂಬರುಗಳ ಜಾಗದಲ್ಲಿ ಕಲ್ಪಿತವಾದವನ್ನು ತುಂಬಿದೆ. ಕೈಗೆ ಕೊಟ್ಟ ಮೇಲೆ ಅವರ ಕೆಲಸ ಏನೂ ನಿಲ್ಲಲಿಲ್ಲ.

ವರ್ಷದ ಕೊನೆಗೆ ತಂಡದ ಮುಖ್ಯಸ್ಥೆಯ ಜಾಗ ನನಗೆ ಸಿಗಲಿಲ್ಲ. ಹೊಂದಿಕೊಂಡು ಹೋಗುವ ಸ್ವಭಾವವಲ್ಲ ಎಂದು ಮ್ಯಾನೇಜರು ನನ್ನ ಬಗ್ಗೆ ಬರೆದಿದ್ದರು. ಅದನ್ನು ಓದಿ ಹೇಳಿ ನನ್ನ ಮುಖ ನೋಡಿದರು, ಬಹುಶಃ ನಾನು ಏನಾದರೂ ಸಮಜಾಯಿಷಿ ಕೊಡಲಿ ಎಂದು. ಬರೆದದ್ದು ಸರಿಯಾಗಿಯೇ ಇದೆ ಎಂದೆ. ಮತ್ತೆ ಮಹಡಿ ಹತ್ತಿ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.