ಬಾಗಿಲ ಬಳಿಯ ಬಾಕಿ ಕಲ್ಲು

ಊರವರ ಮನೆಗೆಲ್ಲ ನೆಲ ಹಾಕುವ ನನ್ನ ಮನೆಯ ಅಡುಗೆಕೋಣೆಗೆ ಮೂರು ವರ್ಷ ನೆಲವೇ ಇರಲಿಲ್ಲ. ಬರೀ ಒರಟು ಕಾಂಕ್ರೀಟು. ಗುಡಿಸಿದಷ್ಟೂ ಸಿಮೆಂಟಿನ ಪುಡಿ ಏಳುತ್ತಿತ್ತು. ಹಿಂದೂಪುರದ ನಮ್ಮ ಬೀದಿಯ ಹೆಂಗಸರು ಬಂದರೆ ನನ್ನ ಹೆಂಡತಿ ಚಾಪೆ ಹಾಸಿ, "ಕಂಟ್ರಾಕ್ಟರ್ ಮನೆ ಕಣಮ್ಮ, ನೋಡ್ಕೊಂಡು ಕಾಲಿಡಿ" ಎನ್ನುತ್ತಿದ್ದಳು. ನಾನು ಹೊರಗೆ ಕೂತು ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಬೀದಿಗೆ ಇಳಿಯುತ್ತಿದ್ದೆ.

ಈ ಕೆಲಸ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಕಡಪ ಕಲ್ಲಿನ ನೆಲ ಹಾಕುತ್ತಿದ್ದ. ಹುಣಸೆಹಣ್ಣಿನ ಮಂಡಿಗಳ ಹಿಂದಿನ ಓಣಿಗಳಲ್ಲಿ, ಗೋರಂಟ್ಲದ ಕಡೆಯ ಹಳ್ಳಿಗಳಲ್ಲಿ ಅವನು ಹಾಕಿದ ನೆಲದ ಮೇಲೆ ಈಗಲೂ ಬೇಸಿಗೆಯ ಮಧ್ಯಾಹ್ನ ಚಾಪೆಯಿಲ್ಲದೆ ಮಲಗುವವರಿದ್ದಾರೆ. ಅವನ ಕೈಕೆಲಸ ಅಷ್ಟು ನುಣುಪು, ಬಾಯಿ ಮಾತ್ರ ನನ್ನದರಂತೆಯೇ ಒರಟು.

ಅಪ್ಪನದೊಂದು ಪದ್ಧತಿಯಿತ್ತು. ಕೆಲಸ ಮುಗಿದ ದಿನ ತಲೆಬಾಗಿಲ ಪಕ್ಕದ ಒಂದೇ ಒಂದು ಕಲ್ಲನ್ನು ಗಾರೆ ಹಾಕದೆ ಬರೀ ಮರಳಿನ ಮೇಲೆ ಕೂರಿಸಿ ಬರುತ್ತಿದ್ದ. ನೋಡಲು ಅದೂ ಉಳಿದ ಕಲ್ಲುಗಳ ಹಾಗೇ. ಕಾಲಿಟ್ಟರೆ ಮಾತ್ರ ಟಕ್ ಎನ್ನುತ್ತಿತ್ತು. ಅದಕ್ಕೆ ಬಾಕಿ ಕಲ್ಲು ಎಂದು ಹೆಸರು. ಮನೆಯವರು ಲೆಕ್ಕ ತೀರಿಸಿದ ಮೇಲೆ ಅಪ್ಪ ಒಂದು ಡಬ್ಬದಲ್ಲಿ ಸಿಮೆಂಟು, ಕೈಯಲ್ಲಿ ಕರಣೆ ಹಿಡಿದುಕೊಂಡು ಹೋಗಿ ಆ ಕಲ್ಲನ್ನು ಭದ್ರ ಮಾಡುತ್ತಿದ್ದ. ಮನೆಯಾಕೆ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು ಊಟಕ್ಕೆ ಕೂರಿಸುತ್ತಿದ್ದಳು. ನಾನು ಅವನ ಜತೆ ಕೆಲಸಕ್ಕೆ ಸೇರಿದ ಮೇಲೆ ಅಂಥ ಎಷ್ಟೋ ಊಟ ಉಂಡಿದ್ದೇನೆ. ದುಡ್ಡು ತಡವಾಯಿತೆಂದು ನಾನು ಚಡಪಡಿಸಿದರೆ, "ನಾವ್ಯಾಕ್ಲಾ ಕೇಳಾನ? ಕಲ್ಲು ಕೇಳ್ತದೆ" ಎನ್ನುತ್ತಿದ್ದ. ಒಂದು ಮನೆಯವರು ಆ ಸದ್ದು ತಾಳಲಾರದೆ ಕಲ್ಲಿನ ಮೇಲೆ ರಾಗಿಯ ಡಬ್ಬ ಇಟ್ಟಿದ್ದರು. ಅಪ್ಪ ಹೋದವನು ಒಂದು ಮಾತೂ ಆಡದೆ ಡಬ್ಬ ಎತ್ತಿ ಪಕ್ಕಕ್ಕಿಟ್ಟು, ನೀರು ಕುಡಿದು ಬಂದ. ಆ ವಾರವೇ ಲೆಕ್ಕ ತೀರಿತು.

ನನ್ನ ಕಾಲಕ್ಕೆ ಕಡಪ ಕಲ್ಲು ಹೋಗಿ ಟೈಲ್ಸ್ ಬಂತು, ಮನೆಗಳಿಗಿಂತ ಅಂಗಡಿ, ಶೋರೂಮ್‌ಗಳ ಕೆಲಸ ಹೆಚ್ಚಾಯಿತು. ಮನೆ ಕೆಲಸದಲ್ಲಿ ಒಂದು ಅನುಕೂಲವಿತ್ತು. ಗೃಹಪ್ರವೇಶದ ಹೊತ್ತಿಗೆ ಕೆಲಸದವರ ಬಾಕಿ ಇಟ್ಟುಕೊಂಡು ಹಾಲುಕ್ಕಿಸಲು ಜನ ಹಿಂಜರಿಯುತ್ತಿದ್ದರು. ಅಂಗಡಿಯವರಿಗೆ ಅಂಥ ಹಿಂಜರಿಕೆ ಇಲ್ಲ. ಬಿಲ್ ಕೊಡಿ, ನೋಡೋಣ, ಮೇಲಿನವರು ಸಹಿ ಮಾಡಲಿ, ಮುಂದಿನ ವಾರ ಬನ್ನಿ. ಹೊಸ ಗಿರಾಕಿಯಾದರೆ ಇನ್ನೂ ಕಷ್ಟ. ಬಿಗಿಯಾಗಿ ಮಾತಾಡಿದರೆ ಕೆಲಸ ಬೇರೆಯವರ ಪಾಲು, ಸಡಿಲ ಬಿಟ್ಟರೆ ದುಡ್ಡು ದೇವರ ಪಾಲು. ಬಾಕಿ ಕಲ್ಲು ಬಿಡುವುದನ್ನು ನಾನು ಯಾವಾಗಲೋ ಬಿಟ್ಟಿದ್ದೆ. ಫಳಫಳ ಹೊಳೆಯುವ ಶೋರೂಮಿನಲ್ಲಿ ಒಂದು ಟೈಲ್ ಅಲ್ಲಾಡಿಸಿ ಬರುವುದು ನನಗೇ ನಾಚಿಕೆ ಎನಿಸುತ್ತಿತ್ತು.

ಕಲ್ಯಾಣದುರ್ಗದ ಸೀರೆ ಅಂಗಡಿಯ ಕೆಲಸ ಬಂದದ್ದು ಹೀಗಿರುವಾಗ. ಮಾಲೀಕ ನನಗಿಂತ ಚಿಕ್ಕವನು. ತಲೆತಲಾಂತರದಿಂದ ಮಗ್ಗ ನೇಯ್ದ ಮನೆತನ, ಇವನು ಮೊದಲ ಸಲ ದೊಡ್ಡ ಅಂಗಡಿ ಇಡುತ್ತಿದ್ದ. ಮನೆಮಾತು ತೆಲುಗು. ಆದರೂ ನಾನು ಕನ್ನಡದವನೆಂದು ತಿಳಿದು ಕನ್ನಡದಲ್ಲೇ ಮಾತಾಡಿದ. ಟೈಲ್ಸ್ ಅವನೇ ತರಿಸಿದ್ದ, ನನ್ನದು ಕೂಲಿಯ ಗುತ್ತಿಗೆ ಮಾತ್ರ. ದುಡ್ಡಿನ ಮಾತು ಬಂದಾಗ ಕೈಮುಗಿದು ಹೇಳಿದ: "ಅನ್ನಾ, ಮಧ್ಯ ಮಧ್ಯ ಕೇಳ್ಬ್ಯಾಡಿ. ನೆಲ ಆಗ್ಲಿ, ಪೂರ್ತಿ ಒಂದೇ ಸಲ ಕೊಟ್ಬುಡ್ತೀನಿ."

ಇದಕ್ಕಿಂತ ನ್ಯಾಯವಾದ ಮಾತುಂಟೇ ಎಂದುಕೊಂಡೆ. ನೆಲ ಆದ ತಕ್ಷಣ ದುಡ್ಡು. ಸಂತೋಷದಿಂದ ಒಪ್ಪಿಕೊಂಡೆ. ಅಡುಗೆಕೋಣೆಗೆಂದು ಕೂಡಿಟ್ಟಿದ್ದ ಹಣವನ್ನು ತೆಗೆದು ನನ್ನ ಆಳುಗಳಿಗೆ ವಾರವಾರ ಬಟವಾಡೆ ಮಾಡಿದೆ. ಕೆಲಸ ಮುಗಿಯಲು ನಾಲ್ಕು ದಿನವಿದೆ ಎನ್ನುವಾಗ ಒಂದು ಭಾನುವಾರ ಮನೆಗೆ ಬಂದು, ಅಡುಗೆಕೋಣೆಯ ಹಳೆ ಕಾಂಕ್ರೀಟನ್ನು ಕೆತ್ತಿಸಿ ಹಾಕಿದೆ. ಒಲೆ, ಪಾತ್ರೆ, ಮಿಕ್ಸಿ ಎಲ್ಲವನ್ನೂ ಹೆಂಡತಿ ಜಗುಲಿಗೆ ಸಾಗಿಸಿದಳು. "ಎಷ್ಟು ದಿನ ಹಿಂಗೆ?" ಎಂದು ಕೇಳಿದಳು. "ನಾಲ್ಕೇ ದಿನ ಕಣೆ. ಅಲ್ಲಿ ನೆಲ ಆಗ್ಲಿ, ಇಲ್ಲಿ ನೆಲ ಆಯ್ತದೆ" ಎಂದೆ.

ಅಂಗಡಿಯ ಕೊನೆಯ ಟೈಲ್ ಬಾಗಿಲ ಪಕ್ಕದ್ದು. ಅದನ್ನು ಕೈಗೆತ್ತಿಕೊಂಡಾಗ ಏಕೋ ಅಪ್ಪನ ನೆನಪಾಯಿತು. ಎಷ್ಟೋ ವರ್ಷಗಳ ಮೇಲೆ, ಒಂದು ತಮಾಷೆಗೆಂಬಂತೆ, ಅದನ್ನು ಬರೀ ಮರಳಿನ ಮೇಲೆ ಕೂರಿಸಿದೆ. ಇನ್ನೇನು ದುಡ್ಡು ಕೈಗೆ ಬರುತ್ತದೆ, ಆಮೇಲೆ ಅಪ್ಪನ ಹಾಗೇ ಭದ್ರ ಮಾಡಿ ಹೊರಟರಾಯಿತು ಎಂದು ನನ್ನ ಲೆಕ್ಕ.

ಬಿಲ್ಲನ್ನು ಮಾಲೀಕನ ಕೈಗಿಟ್ಟೆ. ಅವನು ಅದನ್ನು ಓದಿ, ಮಡಚಿ, ಮೇಜಿನ ಡ್ರಾಯರಿಗೆ ಹಾಕಿ, "ಸರಿ ಅನ್ನಾ" ಎಂದ. ನಾನು ನಿಂತೇ ಇದ್ದೆ.

"ದುಡ್ಡು, ಸಾರ್?"

"ಇನ್ನಾ ನೆಲ ಆಗ್ಲಿಲ್ವಲ್ಲ ಅನ್ನಾ."

ನಾನು ಕೆಳಗೆ ನೋಡಿದೆ. ಟ್ಯೂಬ್‌ಲೈಟಿನ ಸಾಲು ಸಾಲೇ ನೆಲದಲ್ಲಿ ಕಾಣುತ್ತಿತ್ತು.

"ಏನಾಗಿಲ್ಲ ಅಂದ್ರಿ?"

"ನೆಲ."

"ಮತ್ತೆ ನೀವು ನಿಂತಿರೋದೇನು, ಗದ್ದೇನಾ?"

"ಅಯ್ಯೋ, ಇದು ಆಗೈತೆ ಅನ್ನಾ. ಚೆನ್ನಾಗಿ ಆಗೈತೆ. ನೆಲ ಆಗಿಲ್ಲ, ಅಷ್ಟೇ."

ಮೈಯೆಲ್ಲ ಉರಿದುಹೋಯಿತು. ಮಟ್ಟ ನೋಡುವ ರಸಮಟ್ಟ ತಂದು ನೆಲದ ಮೇಲಿಟ್ಟು, "ಗುಳ್ಳೆ ನೋಡಿ ಸಾರ್, ಒಂದು ಕೂದಲೆಳೆ ಆ ಕಡೆ ಈ ಕಡೆ ಐತಾ?" ಎಂದೆ. ಅವನು ಗುಳ್ಳೆಯನ್ನೂ ನನ್ನನ್ನೂ ನೋಡಿದ. ನಾನು ನನ್ನ ಆಳಿನ ಕಡೆ ತಿರುಗಿ, "ಹಾರೆ ತತ್ತಾರ್ಲಾ. ನೆಲ ಆಗಿಲ್ವಂತೆ, ಕಿತ್ಕೊಂಡು ಹೋಗಾನ" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. "ನಿಮ್ಮಂಥ ಸುಳ್ಳುಗಾರನ ಮಾತು ನಂಬ್ಕೊಂಡು ನನ್ನ ಹೆಂಡ್ತಿ ಜಗುಲಿ ಮ್ಯಾಲೆ ಅಡುಗೆ ಮಾಡ್ತಾವ್ಳೆ" ಎಂದೂ ಕೂಗಿದೆ. ಅವನ ಮುಖ ಬಿಳಿಚಿಕೊಂಡಿತು.

ಒಳಗೆ ಸೀರೆ ಕಟ್ಟುಗಳನ್ನು ಬಿಚ್ಚುತ್ತಿದ್ದ ಅವನ ತಾಯಿ ಎದ್ದು ಬಂದರು. ನಮ್ಮಿಬ್ಬರ ಮುಖ ನೋಡಿ, "ನಿಲ್ಲಪ್ಪ, ಸ್ವಲ್ಪ ನಿಲ್ಲು" ಎಂದರು. "ಅವನು ಹೇಳ್ತಿರೋದು ನಮ್ಮ ತೆಲುಗು ನೆಲ ಕಣಪ್ಪ. ತಿಂಗಳು. ಬಿಲ್ ಕೊಟ್ಟು ತಿಂಗಳಾಗ್ಲಿ ಅಂತಾವ್ನೆ."

ಮೊದಲು ನಕ್ಕವರು ನನ್ನ ಆಳುಗಳು. ಮಾತು ಬಂದ ಕಾಲದಿಂದ ಎರಡೂ ಭಾಷೆ ಆಡಿದವನು ನಾನು. ಸಂತೆಯಲ್ಲಿ ಯಾರಾದರೂ ಎರಡು ನೆಲ ಅಂದರೆ ಎರಡು ತಿಂಗಳೆಂದು ತಿಳಿಯದವನೇನಲ್ಲ. ಆದರೆ ಆ ಮನುಷ್ಯ ಮರ್ಯಾದೆಗೆಂದು ಕನ್ನಡದಲ್ಲಿ ಮಾತಾಡಿದ, ಮಧ್ಯೆ ಒಂದು ತೆಲುಗು ಪದ ನುಸುಳಿತು, ಕೇಳಿದವನು ನೆಲ ಹಾಕುವವನಾಗಿದ್ದ. ಅವನ ಅಂಗಡಿ ಇನ್ನೂ ತೆರೆದಿರಲಿಲ್ಲ. ಅವನಿಗೆ ಸೀರೆ ಕೊಟ್ಟವರೂ ತಿಂಗಳ ವಾಯಿದೆ ಕೊಟ್ಟಿದ್ದರು, ಅದನ್ನೇ ನನಗೂ ಹೇಳಿದ್ದ. ತಪ್ಪಾಯಿತು ಎನ್ನಬೇಕಾದ ಜಾಗದಲ್ಲಿ ನಾನು, "ಮೂವತ್ತು ದಿನ ಅಂತ ಬಾಯಿ ಬಿಟ್ಟು ಹೇಳೋಕೇನಾಗಿತ್ತು" ಎಂದು ಗೊಣಗಿ, ಸಾಮಾನು ಎತ್ತಿಸಿಕೊಂಡು ಹೊರಟುಬಿಟ್ಟೆ. ಹೊಸಿಲು ದಾಟುವಾಗ ಕಾಲ ಕೆಳಗೆ ಟಕ್ ಎಂದಿತು. ಹಿಂದಿರುಗಿ ನೋಡಲಿಲ್ಲ.

ಮನೆಗೆ ಬಂದು ಹೇಳಿದಾಗ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರನೆಯ ದಿನ ಆಷಾಢದ ಗಾಳಿ ಎದ್ದಿತು. ಜಗುಲಿಯಲ್ಲಿ ಒಲೆ ಉರಿಯದು. ತಗಡೊಂದನ್ನು ಅಡ್ಡ ನಿಲ್ಲಿಸಿದೆ, ಅದು ಸಾರಿನ ಪಾತ್ರೆಯ ಮೇಲೆಯೇ ಬಿತ್ತು. ಆಮೇಲೆ ಅವಳು ನಗಲಿಲ್ಲ, ಬೈಯಲೂ ಇಲ್ಲ. ಒಂದು ದಿನ ಮುದ್ದೆ ತಿರುವುತ್ತಾ ತಲೆ ಎತ್ತದೆ ಹೇಳಿದಳು: "ನಂಗೆ ಟೈಲ್ಸು ಬ್ಯಾಡ. ಗೋಡೆ ಕಡೆ ಮಕ ಮಾಡ್ಕೊಂಡು ಅಡುಗೆ ಮಾಡೋ ಜಾಗ ಸಾಕು. ನಾವೇನು ತಿಂತೀವಿ ಅಂತ ಬೀದಿಯೋರೆಲ್ಲ ನೋಡ್ಕೊಂಡು ಹೋಯ್ತಾರೆ." ನನಗೆ ಆ ಹೊತ್ತು ಆದಷ್ಟು ಅವಮಾನ ಕಲ್ಯಾಣದುರ್ಗದಲ್ಲೂ ಆಗಿರಲಿಲ್ಲ.

ಸುಳ್ಳುಗಾರ ಎಂದು ಅನ್ನಿಸಿಕೊಂಡವನು ದುಡ್ಡು ಯಾಕೆ ಕೊಟ್ಟಾನು? ನನ್ನ ಆಳು ಎದುರಿಗೇ, "ಇನ್ನ ಆ ದುಡ್ಡು ಬಂದಂಗೇ ಬಿಡಣ್ಣ" ಎಂದ. ಫೋನ್ ಮಾಡಲು ಮನಸ್ಸಾಗುತ್ತಿತ್ತು, ಮುಖವಿರಲಿಲ್ಲ. ಅಪ್ಪ ಇದ್ದಿದ್ದರೆ ಕಲ್ಲು ಕೇಳುತ್ತದೆ ಎನ್ನುತ್ತಿದ್ದ. ನನಗೋ, ಅಲ್ಲಿ ಆ ಟೈಲ್ ಟಕ್ ಎಂದಾಗಲೆಲ್ಲ ಅವರು ನನ್ನನ್ನು ಬೈದುಕೊಳ್ಳುತ್ತಿರಬೇಕು ಎನಿಸುತ್ತಿತ್ತು.

ಬಿಲ್ ಕೊಟ್ಟು ಸರಿಯಾಗಿ ಒಂದು ತಿಂಗಳು ತುಂಬಿದ ಬೆಳಗ್ಗೆ ಮೊಬೈಲ್ ಸದ್ದು ಮಾಡಿತು. ಹಣ ಬಂದಿತ್ತು. ಪೂರ್ತಿ, ಒಂದೇ ಸಲ. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ಇಸಿದುಕೊಂಡು ಎರಡು ಸಲ ನೋಡಿದಳು. ಸ್ವಲ್ಪ ಹೊತ್ತಿಗೆ ಅಂಗಡಿ ಮಾಲೀಕನ ತಾಯಿಯ ಫೋನ್ ಬಂತು.

"ದುಡ್ಡು ಬಂತೇನಪ್ಪ?"

"ಬಂತು ಕಣಮ್ಮ."

"ಮತ್ತೆ ಕಲ್ಲು ಯಾವಾಗ ಹಾಕ್ತೀಯ?"

ಮರುದಿನವೇ ಹೊರಟೆ. ಹಿಂದೂಪುರದಿಂದ ಮಡಕಶಿರ, ಪಾವಗಡದ ಮೇಲೆ ಹೋದರೆ ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರಬೇಕು. ಕಂಬದೂರು ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಎರಡೂ ಭಾಷೆಯಲ್ಲಿ ಜೋಡಿಸಿಕೊಂಡೆ. ಚೀಲದಲ್ಲಿ ಅಪ್ಪನ ಕರಣೆಯಿತ್ತು, ರಸಮಟ್ಟವಿತ್ತು, ಒಂದು ಡಬ್ಬ ಸಿಮೆಂಟಿತ್ತು. ಅಪ್ಪ ಹೋದ ಮೇಲೆ ಅಷ್ಟು ಕಡಿಮೆ ಸಾಮಾನು ಹಿಡಿದುಕೊಂಡು ನಾನು ಯಾವ ಕೆಲಸಕ್ಕೂ ಹೋಗಿರಲಿಲ್ಲ.

ಅಂಗಡಿ ತೆರೆದಿತ್ತು. ಒಳಗೆ ಬರುವವರೆಲ್ಲ ಬಾಗಿಲಲ್ಲಿ ಟಕ್ ಎನಿಸಿ, ಕೆಳಗೆ ನೋಡಿ ಬರುತ್ತಿದ್ದರು. ಪಕ್ಕದ ಅಂಗಡಿಯವರು ಬೇರೆ ಮೇಸ್ತ್ರಿಯನ್ನು ಕಳಿಸುತ್ತೇವೆ ಎಂದಿದ್ದರಂತೆ. ತಾಯಿ ಬೇಡವೆಂದಿದ್ದರು. ಯಾಕೆಂದು ಕೇಳಿದೆ.

"ಮಗ್ಗದಿಂದ ಸೀರೆ ಕುಯ್ದಾಗ ನಾವು ಹಾಸಿನ ಎಳೆ, ಅದೇ ಉದ್ದಕ್ಕೆ ಕಟ್ಟಿರೋ ನೂಲು, ಪೂರ್ತಿ ಎಳ್ದಾಕಲ್ಲ ಕಣಪ್ಪ. ಒಂದಿಷ್ಟು ಬಿಟ್ಟಿರ್ತೀವಿ. ಮುಂದಿನ ಹಾಸಿನ ಎಳೆ ಅದಕ್ಕೇ ತಾನೆ ಗಂಟು ಹಾಕೋದು? ನೀನು ಕಲ್ಲು ಬಿಟ್ಟಿದ್ದೂ ಹಂಗೇ ಅನ್ಕೊಂಡೆ. ಕೋಪದಲ್ಲಿ ಹೋದ್ರೂ ಬತ್ತಾನೆ ಅಂತ ಮಗನಿಗೆ ಹೇಳ್ದೆ."

ಅಪ್ಪನ ಕಲ್ಲು ವಸೂಲಿಗೆಂದೇ ನಾನು ಅಷ್ಟು ವರ್ಷ ತಿಳಿದಿದ್ದೆ. ಆದರೆ ಅವನು ಕಲ್ಲು ಭದ್ರ ಮಾಡಲು ಹೋದ ಮನೆಗಳಲ್ಲಿ ಕೆಲಸಕ್ಕಿಂತ ಮಾತೇ ಹೆಚ್ಚು. ಎದ್ದು ಬರುವ ಹೊತ್ತಿಗೆ ಅವರ ಮಗಳ ಮನೆಯದೋ ತಮ್ಮನ ಮನೆಯದೋ ಕೆಲಸ ಒಪ್ಪಿಕೊಂಡಿರುತ್ತಿದ್ದ. ಇದನ್ನು ನನಗೆ ಬಿಡಿಸಿ ಹೇಳಲು ನೆಯ್ಗೆಯವರ ಮನೆಯ ಹೆಂಗಸು ಬೇಕಾಯಿತು. ಅಪ್ಪ ಎದುರಿಗಿದ್ದಿದ್ದರೆ ಒಂದು ಮಾತು ಕೇಳಬಹುದಿತ್ತು ಎಂದು ಬಹಳ ಅನಿಸಿತು.

ಬಗ್ಗಿ ಕೂತು ಟೈಲ್ ಎತ್ತಿದೆ. ಮಾಲೀಕ ತಾನೇ ಬಂದು ರಸಮಟ್ಟ ಹಿಡಿದ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, "ಅವತ್ತು ಬಾಯಿ ಜಾಸ್ತಿ ಆಯ್ತು ಸಾರ್" ಎಂದಷ್ಟೇ ಅಂದೆ. ಅವನು ಗುಳ್ಳೆ ನೋಡುತ್ತಲೇ, "ಇವಾಗ ನೆಲ ಆಯ್ತಾ ಅನ್ನಾ?" ಎಂದ.

"ಎರಡೂ ಆಯ್ತು ಸಾರ್."

ಹೊರಡುವಾಗ ತಾಯಿ ಎಲೆ ಅಡಿಕೆಯ ಜತೆ ಒಂದು ಸೀರೆ ಕೊಟ್ಟರು. "ಜಗುಲಿ ಮೇಲೆ ಅಡುಗೆ ಮಾಡ್ದೋಳಿಗೆ" ಎಂದರು. ಅದಾದ ಮೇಲೆ ಹೊಸ ಗಿರಾಕಿಗಳ ಜತೆ ನಾನು ನೆಲ ಎಂಬ ಮಾತನ್ನೇ ಎತ್ತುವುದಿಲ್ಲ. ಮೂವತ್ತು ದಿನವೆಂದರೆ ಮೂವತ್ತು ದಿನ, ತಾರೀಖು ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ.

ಮನೆಯ ಅಡುಗೆಕೋಣೆಗೆ ಎರಡು ದಿನದಲ್ಲಿ ನೆಲ ಹಾಕಿದೆ. ಆಳುಗಳನ್ನು ಕರೆಯಲಿಲ್ಲ, ನಾನೇ ಹಾಕಿದೆ. ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, ಕೊನೆಯ ಟೈಲಿಗೆ ನಾನು ಗಾರೆ ಕಲಸುವಾಗ ಬೇಡವೆಂದಳು.

"ಅದನ್ನ ಹಂಗೇ ಮರಳಿನ ಮ್ಯಾಲೆ ಇಡಿ."

"ಯಾಕೆ? ಬಾಕಿ ಎಲ್ಲ ಬಂತಲ್ಲ."

"ನಿಮಗೆ ಬರೋದು ಬಂತು. ನಂಗೆ ಕೊಡೋದು ಐತಲ್ಲ, ಮೂರು ವರ್ಸದ್ದು."

ಹಾಗೇ ಇಟ್ಟೆ. ಇವತ್ತಿಗೂ ಅದು ಹಾಗೇ ಇದೆ. ದಿನಾ ಬೆಳಗ್ಗೆ ಅವಳು ಕಾಫಿ ಕಾಸಲು ಒಳಗೆ ಕಾಲಿಟ್ಟಾಗ ಟಕ್ ಎನ್ನುತ್ತದೆ. ನಾನು ಕೇಳಿಸದವನ ಹಾಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತೇನೆ.