ಬೋನಾಳ ಕೆರೆಯ ಗಾರ್ಡಕ್ಕ

ಬೋನಾಳದ ಪಕ್ಷಿಧಾಮ ಕಾಯುತ್ತಿದ್ದ ನಮ್ಮ ನೆರೆಮನೆಯಾಕೆಯನ್ನು ಊರೆಲ್ಲ ಗಾರ್ಡಕ್ಕ ಎನ್ನುತ್ತಿತ್ತು. ಕೆರೆಯ ಏರಿಯ ಮೇಲೆ ಯಾರಾದರೂ ದನಿ ಎತ್ತಿದರೆ, “ಸಾವಕಾಶ್ರಿ, ಹಕ್ಕಿ ಕಾವಿಗೆ ಕುಂತಾವ” ಎನ್ನುವರು. ಸಿನಿಮಾ ಎಂದರೆ ಅವರಿಗೆ ಪ್ರಾಣ.

ಒಮ್ಮೆ ಅವರ ಮೆಚ್ಚಿನ ನಟನೇ ಹಾಡಿನ ಚಿತ್ರೀಕರಣಕ್ಕೆಂದು ಕೆರೆಗೆ ಬಂದ. ಊರು ಕುಣಿದಾಡಿತು. ಡ್ರೋನ್ ಹೊತ್ತು ಬಂದ ತಂಡವನ್ನು ಗಾರ್ಡಕ್ಕ ಗೇಟಿನಲ್ಲೇ ತಡೆದರು.

“ಇಲಾಖೆ ಪರವಾನಗಿ ಎಲ್ಲೈತ್ರಿ?”

“ಆಮೇಲೆ ತರಿಸ್ತೀವಿ ಮೇಡಂ, ಒಂದೇ ಹಾಡು,” ಎಂದ ಮ್ಯಾನೇಜರ್.

ಊರವರು ಗಾರ್ಡಕ್ಕನನ್ನೇ ಬೈದರು. ಕೊನೆಗೆ ನಟನೇ ಕಾರಿಳಿದು ಬಂದ. ಗಾರ್ಡಕ್ಕ ನಾಚಿ ಕೈಮುಗಿದರು, ಗೇಟು ಮಾತ್ರ ತೆರೆಯಲಿಲ್ಲ.

“ನಿಮ್ಮ ಒಂದು ಪಿಚ್ಚರೂ ಬಿಟ್ಟಿಲ್ರಿ ನಾ. ಆದ್ರ ಪರವಾನಗಿ ಇಲ್ದ ಇಲ್ಲಿ ಶೂಟಿಂಗ್ ಮಾಡಂಗಿಲ್ರಿ. ಡ್ರೋನ್ ಸಪ್ಪಳಕ್ಕ ತಾಯಿ ಎದ್ದು ಹಾರಿದ್ರ ತತ್ತಿ ಕೆಡ್ತಾವ.”

ನಟ ಕೆರೆಯತ್ತ ನೋಡಿ, “ಬೇರೆ ಜಾಗ ಇದೆಯಾ ಅಕ್ಕಾ?” ಎಂದ.

“ದೂರದಾಗ ದೊಡ್ಡ ಕಾಲುವಿ ಐತ್ರಿ. ಅದೂ ಚಂದ ಅದ.”

ಹಾಡು ಅಲ್ಲೇ ಆಯಿತು. ಊರೆಲ್ಲ ನೋಡಲು ಓಡಿತು. ಗಾರ್ಡಕ್ಕ ಕೆರೆ ಬಿಟ್ಟು ಕದಲಲಿಲ್ಲ.

ಆ ಚಿತ್ರ ಸುರಪುರದ ಟಾಕೀಸಿಗೆ ಬಂದಾಗ ನಾವು ಅವರೊಂದಿಗೆ ಹೋದೆವು. ತೆರೆಯ ಮೇಲೆ ಕಾಲುವೆ ಕಂಡದ್ದೇ ತಡ, ಗಾರ್ಡಕ್ಕ ಎದ್ದುನಿಂತು ಸಿಳ್ಳೆ ಹೊಡೆದರು. ಮುಂದಿನ ಸಾಲಿನವರು ಹೊರಳಿ ನೋಡಿದರು.

“ನಮ್ಮೂರ ಗಾರ್ಡಕ್ಕ ಅದಾರ್ರಿ,” ಎಂದೆ, ಎಲ್ಲರಿಗೂ ಕೇಳುವಂತೆ.